ಬಂಡೆ ತಾನಾಗಿ ಉರುಳುವುದಿಲ್ಲ ಸ್ವಾಮಿ!

ಕಲ್ಲು ಕ್ವಾರಿಯಲ್ಲಿ ಬಂಡೆ ಉರುಳಿ ಕೂಲಿಯವರು ಸತ್ತರೆ ಮರುದಿನ ಎಲ್ಲರ ಬಾಯಲ್ಲೂ ಒಂದೇ ಮಾತು: 'ಆಕಸ್ಮಿಕ'. 2022ರ ಮೇ ತಿಂಗಳಲ್ಲಿ ತಿರುನೆಲ್ವೇಲಿ ಜಿಲ್ಲೆಯ ಅಡೈಮಿದಿಪ್ಪಾನ್‌ಕುಳಂ ಕ್ವಾರಿಯಲ್ಲಿ ಆರು ಜನ ಬಂಡೆಗಳಡಿ ಸಿಕ್ಕಿದರು, ನಾಲ್ವರು ಸತ್ತರು. 2025ರ ಮೇ ತಿಂಗಳಲ್ಲಿ ಶಿವಗಂಗೈ ಜಿಲ್ಲೆಯ ಮಲ್ಲಾಕೋಟೈಯಲ್ಲಿ ಮತ್ತೆ ಅದೇ ಕತೆ, ಕನಿಷ್ಠ ಐವರ ಸಾವು. ಹೊಸೂರು ಸೀಮೆಯ ಕಲ್ಲುಗುಡ್ಡಗಳ ನಡುವೆ ಕನ್ನಡ ಪಾಠ ಹೇಳುವ ನನಗೆ ಈ 'ಆಕಸ್ಮಿಕ' ಎಂಬ ಪದ ಕೇಳಿದರೆ ಸಿಟ್ಟು ಬರುತ್ತದೆ.

ಆಕಸ್ಮಿಕ ಎಂದರೆ ಮೊದಲೇ ತಿಳಿಯಲಾಗದ್ದು. ಬಂಡೆ ಉರುಳುವುದು ಹಾಗಲ್ಲ. ಕಲ್ಲಿನೊಳಗೆ ಬಿರುಕುಗಳಿರುತ್ತವೆ. ಮದ್ದು ಸಿಡಿಸಿದಾಗ ಅವು ಅಗಲವಾಗುತ್ತವೆ, ಮಳೆನೀರು ಇಳಿದು ಒಳಗಿನಿಂದ ಒತ್ತುತ್ತದೆ. ಗೋಡೆಯಂತೆ ನೆಟ್ಟಗೆ ಕಡಿದಿದ್ದರೆ ಕಳಚಿದ ಕಲ್ಲು ನೇರ ತಳಕ್ಕೆ, ಅಲ್ಲಿ ದುಡಿಯುವವನ ತಲೆಗೆ!

ಇದಕ್ಕೆ ಉಪಾಯ ಹೊಸದೇನಲ್ಲ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಆಗ ಮೇಲಿಂದ ಬಿದ್ದದ್ದು ನಡುವಿನ ಮೆಟ್ಟಿಲಲ್ಲೇ ನಿಲ್ಲುತ್ತದೆ. ಮದ್ದು ಹೊಡೆದ ಮೇಲೆ, ಮಳೆ ನಿಂತ ಮೇಲೆ ಸಡಿಲ ಕಲ್ಲುಗಳನ್ನು ಮೊದಲು ಕೆಡವಿ, ಆಮೇಲೆ ಆಳುಗಳನ್ನು ಇಳಿಸಬೇಕು. ಅಂಚಿನಿಂದ 3 ಮೀಟರ್ ಒಳಗೆ ಸಡಿಲ ಕಲ್ಲು ಇರಕೂಡದು, ಬುಡ ಕೊರೆದು ಮೇಲಿನ ಬಂಡೆ ಚಾಚಿಕೊಂಡು ನಿಲ್ಲುವಂತೆ ಮಾಡಕೂಡದು ಎಂದು 1961ರ ಗಣಿ ನಿಯಮಾವಳಿಯಲ್ಲೇ ಬರೆದಿದ್ದರು.

ಅಮೆರಿಕದ ಯೂಟಾ ರಾಜ್ಯದ ಬಿಂಗ್‌ಹ್ಯಾಮ್ ಕ್ಯಾನ್ಯನ್ ತಾಮ್ರದ ಗಣಿಯಲ್ಲಿ 2013ರ ಏಪ್ರಿಲ್ 10ರಂದು ಗುಡ್ಡದ ಮಗ್ಗುಲೇ ಕುಸಿಯಿತು. ಸತ್ತವರೆಷ್ಟು? ಸೊನ್ನೆ! ಗೋಡೆ ಜರುಗುವುದನ್ನು ರೇಡಾರ್‌ನಿಂದ ಅಳೆಯುತ್ತಿದ್ದರು, ಜನರನ್ನು ಮೊದಲೇ ಹೊರಗೆ ಕಳಿಸಿದ್ದರು.

"ನಮ್ಮೂರ ಕ್ವಾರಿಗೆ ರೇಡಾರ್ ಎಲ್ಲಿಂದ ತರೋಣ ಮೇಷ್ಟ್ರೇ?" ಎನ್ನಬೇಡಿ. ಮೆಟ್ಟಿಲು ಕಡಿಯಲು ರೇಡಾರ್ ಬೇಕಿಲ್ಲ. ಮೆಟ್ಟಿಲು ಬಿಟ್ಟರೆ ಅಷ್ಟು ಕಲ್ಲು ಮಾರಾಟಕ್ಕೆ ಸಿಗುವುದಿಲ್ಲ, ತೊಂದರೆ ಇರುವುದು ಅಲ್ಲಿ. ಲಾಭ ಮೇಲೆ ನಿಂತವನಿಗೆ, ಬಂಡೆ ಕೆಳಗಿರುವವನಿಗೆ.

ಪೋಷಕರೇ, ಹಳೆಯ ವಿದ್ಯಾರ್ಥಿಗಳೇ, ನಮ್ಮ ತಮಿಳುನಾಡಿನಲ್ಲಿ ಮೇ 1ರಂದು, ಕಾರ್ಮಿಕರ ದಿನದಂದೇ, ಗ್ರಾಮಸಭೆ ನಡೆಯುತ್ತದೆ. ಊರಲ್ಲಿ ಕ್ವಾರಿ ಇದ್ದರೆ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: "ಮೆಟ್ಟಿಲು ಎಲ್ಲಿ?" ಕನ್ನಡದಲ್ಲಿ ಕೇಳಿ, ತಮಿಳಿನಲ್ಲಿ ಕೇಳಿ, ಕೇಳದೆ ಮಾತ್ರ ಮನೆಗೆ ಬರಬೇಡಿ.

ಇಲ್ಲದಿದ್ದರೆ ಅಪ್ಪನನ್ನು ಕಳೆದುಕೊಂಡ ಮಗುವಿಗೆ 'ಆಕಸ್ಮಿಕ' ಪದದ ಅರ್ಥವನ್ನು ನಾನು ಏನೆಂದು ಹೇಳಿಕೊಡಲಿ?