ಅರಿವು ಅಮಾನತು, ಅವಕಾಶವೂ ಅಮಾನತು

ನಮ್ಮ ಕೋರಮಂಡಲದ ನೆಲಕ್ಕೆ ವಿಜ್ಞಾನ ಹೊಸತಲ್ಲ. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಜ್ಞಾನಿಗಳು ನ್ಯೂಟ್ರಿನೋ ಕಣಗಳ ಗುರುತು ಕಂಡರು. 2001ರಲ್ಲಿ ಗಣಿ ಮುಚ್ಚಿತು. ಇಂದು ನಮ್ಮ ಯುವಜನರು ಬೆಳಗಿನ ರೈಲು ಹತ್ತಿ ದುಡಿಮೆಗಾಗಿ ಬೆಂಗಳೂರಿಗೆ ಹೋಗುತ್ತಾರೆ.

ಅದೇ ಬೆಂಗಳೂರಿನ ಎನ್‌ಸಿಬಿಎಸ್‌ನಂತಹ ಸಂಸ್ಥೆಗಳ ಜೀವವಿಜ್ಞಾನಿಗಳು ತಮ್ಮ ಸಂಶೋಧನೆಗಳನ್ನೂ ಪ್ರಯೋಗಾಲಯದ ಹುದ್ದೆಗಳನ್ನೂ ಸಾಮಾಜಿಕ ಜಾಲತಾಣಗಳಲ್ಲಿ ಹಂಚುತ್ತಾರೆ. ವಿಜ್ಞಾನ ಅಕಾಡೆಮಿಗಳು ವಿದ್ಯಾರ್ಥಿಗಳಿಗೆ ಬೇಸಿಗೆ ಫೆಲೋಶಿಪ್ ನೀಡುತ್ತವೆ. ಇದು ಶ್ಲಾಘನೀಯ. ಆದರೆ ಆ ಬರಹಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ, ಬಲ್ಲವರ ಬಳಗದಲ್ಲೇ ಸುತ್ತುತ್ತವೆ. ಬಿ.ಎಸ್ಸಿ. ಓದಿದ ನಮ್ಮ ಹೆಣ್ಣುಮಗಳ ಕೈಯಲ್ಲೂ ಮೊಬೈಲ್ ಇದೆ. ಸುದ್ದಿ ಅವಳಿಗೆ ತಲುಪುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ಕಳೆದಿರುತ್ತದೆ.

ದೋಷ ವಿಜ್ಞಾನಿಗಳದ್ದು ಮಾತ್ರವಲ್ಲ. ಆಧಾರವಿಲ್ಲದ ಮದ್ದಿನ ಸಂದೇಶಗಳನ್ನು ಕ್ಷಣದಲ್ಲಿ ಹರಡುವ ನಾವು, ಇಂತಹ ಪ್ರಕಟಣೆಯನ್ನು ಹುಡುಕುವ ಶ್ರಮ ವಹಿಸಿದ್ದೇವೆಯೇ?

ಓದಲು ಆಜ್ಞಾಪಿಸಿದ ಪ್ರಥಮ ದಿವ್ಯವಾಣಿಯೇ ಮಾನವನ ಸೃಷ್ಟಿಯತ್ತಲೂ ನಮ್ಮ ಗಮನ ಸೆಳೆಯಿತು. ಅರಿವು ಒಂದು ಅಮಾನತು. ಅದನ್ನು ಹಕ್ಕುದಾರರಿಗೆ ತಲುಪಿಸುವುದು ಹೊಣೆ. ವಿಜ್ಞಾನಿಗಳು ಎರಡು ಸಾಲನ್ನು ಕನ್ನಡದಲ್ಲೂ ಬರೆಯಲಿ. ನಾವು ಪ್ರಕಟಣೆಯನ್ನು ಸಂಸ್ಥೆಯ ಅಧಿಕೃತ ತಾಣದಲ್ಲಿ ಪರಿಶೀಲಿಸಿ, ಜುಮಾ ನಮಾಝಿನ ಬಳಿಕ ಅರ್ಜಿಯ ಕೊನೆಯ ದಿನಾಂಕವನ್ನು ಓದಿ ಹೇಳೋಣ. ಕೇಳಿದ ತಂದೆ ಮನೆಗೆ ಹೋಗಿ ಮಗಳಿಗೆ ತಿಳಿಸಲಿ.