ಬೀಗ ಒಡೆಯುವ ಮುನ್ನ

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಟಿ.ಬಿ. ಡ್ಯಾಂನ ನಮ್ಮ ಮನೆಗೆ ಬಂದಿದ್ದ. ಹೊಸಪೇಟೆಯಲ್ಲಿ ಅವನದೊಂದು ಬಾಡಿಗೆ ಮನೆಯಿದೆ. ಬಾಡಿಗೆದಾರ ಮೂರು ತಿಂಗಳ ಬಾಡಿಗೆ ಉಳಿಸಿಕೊಂಡು, ಬೀಗ ಜಡಿದು ಕಾಣೆಯಾಗಿದ್ದಾನೆ. ಕಿಟಕಿಯಿಂದ ಇಣುಕಿದರೆ ಕಿತ್ತ ನಲ್ಲಿಗಳು, ಒಡೆದ ಬಾಗಿಲುಗಳು. “ಸರ್, ಮನೆ ನನ್ನದು. ನಾಳೆಯೇ ಬೀಗ ಒಡೆಯುತ್ತೇನೆ” ಎಂದ. ಒಡೆಯಬೇಡ ಎಂದೆ. ಅವನಿಗೆ ಸಿಟ್ಟು ಬಂತು. ಅವನಂತೆಯೇ ಯೋಚಿಸುವವರು ನಿಮ್ಮಲ್ಲಿಯೂ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಒಡೆತನ ಬೇರೆ, ಸ್ವಾಧೀನ ಬೇರೆ. ಬಾಡಿಗೆದಾರ ಊರಲ್ಲಿಲ್ಲವೆಂದ ಮಾತ್ರಕ್ಕೆ ಸ್ವಾಧೀನ ತಾನಾಗಿ ನಮಗೆ ಮರಳದು. ಕಾನೂನಿನ ಕ್ರಮ ಮೀರಿ ಹೊರಹಾಕಲ್ಪಟ್ಟವನು 6 ತಿಂಗಳೊಳಗೆ ದಾವೆ ಹೂಡಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನ ಪ್ರಕಾರ, ಮಾಲೀಕ ಯಾರೆಂದು ಕೇಳದೆಯೇ ನ್ಯಾಯಾಲಯ ಅವನಿಗೆ ಸ್ವಾಧೀನ ಕೊಡಿಸಬಲ್ಲದು. ಒಳಗೆ ಚಿನ್ನವಿತ್ತೆಂದು ಅವನು ದೂರಿದರೆ, ಸಾಕ್ಷಿಯಿಲ್ಲದೆ ಬೀಗ ಒಡೆದವರು ಏನೆಂದು ಉತ್ತರಿಸುವಿರಿ?

ಹಾಗಾದರೆ ಕಾನೂನು ಬಾಡಿಗೆದಾರನ ಪಕ್ಷವೇ? ಅಲ್ಲ. ಸಹಜ ಸವೆತವನ್ನು ಬಿಟ್ಟರೆ, ಪಡೆದ ಸ್ಥಿತಿಯಲ್ಲೇ ಮನೆಯನ್ನು ಹಿಂತಿರುಗಿಸುವ ಹೊಣೆಯನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಅವನ ಮೇಲೆ ಹೊರಿಸಿದೆ. ಅದೇ ಕಾಯ್ದೆಯ 106ನೇ ಕಲಮಿನಂತೆ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 15 ದಿನಗಳ ನೋಟಿಸು ಸಾಕು. ಅವನು ಸಿಗದಿದ್ದರೆ ಬಾಗಿಲಿಗೇ ಅಂಟಿಸಬಹುದು. ಅನಂತರ ಸ್ವಾಧೀನ, ಬಾಕಿ ಮತ್ತು ನಷ್ಟಕ್ಕಾಗಿ ದಾವೆ. ಸಮನ್ಸು ಮುಟ್ಟಿಸಲಾಗದಿದ್ದರೆ ನ್ಯಾಯಾಲಯ ಪತ್ರಿಕಾ ಪ್ರಕಟಣೆಗೆ ಆದೇಶಿಸಬಹುದು. ಬಾಡಿಗೆ ಬಾಕಿಯ ದಾವೆಗೆ ಕಾಲಮಿತಿ 3 ವರ್ಷ.

“ಕೋರ್ಟಿಗೆ ವರ್ಷಗಟ್ಟಲೆ ಅಲೆಯಬೇಕಲ್ಲ” ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಅರ್ಧ ತಪ್ಪು ನಮ್ಮದೇ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ, ಗಣಿ ನಂಬಿ ಬಂದಿದ್ದವರು ಹೊಸಪೇಟೆ, ಸಂಡೂರುಗಳಿಂದ ಊರು ಬಿಟ್ಟದ್ದನ್ನು ಕಂಡಿದ್ದೇವೆ. ಆಗಲಾದರೂ ಪಾಠ ಕಲಿತೆವೇ? ಮುಂಗಡ ಎಣಿಸಿಕೊಳ್ಳುವಾಗಿನ ಎಚ್ಚರ ಕರಾರು ಪತ್ರ ಬರೆಸುವಾಗ ಇರುವುದಿಲ್ಲ. ನೋಂದಣಿ ತಪ್ಪಿಸಲು 11 ತಿಂಗಳ ಕರಾರು; ಅದರಲ್ಲೂ ಬಾಡಿಗೆದಾರನ ಸ್ವಂತ ಊರಿನ ವಿಳಾಸವಿಲ್ಲ, ನಲ್ಲಿ-ಕಿಟಕಿಗಳ ಪಟ್ಟಿಯಿಲ್ಲ, ಒಂದು ಫೋಟೋ ಸಹ ಇಲ್ಲ. ಇದ್ದುದನ್ನೇ ತೋರಿಸಲಾಗದವನು ಹಾಳಾದುದನ್ನು ಹೇಗೆ ರುಜುವಾತುಪಡಿಸಿಯಾನು?

ಇನ್ನೊಂದು ಮಾತು. ನಿಮ್ಮ ಮಕ್ಕಳಲ್ಲಿ ಹಲವರು ಬೆಂಗಳೂರಿನಲ್ಲಿ ಬಾಡಿಗೆದಾರರು. ಅವರು ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಾಲೀಕ ಬೀಗ ಒಡೆದರೆ ಒಪ್ಪುವಿರಾ? ಅವರನ್ನು ಕಾಯುವ ಕಾನೂನೇ ಇಲ್ಲಿ ನಿಮ್ಮ ಕೈ ಹಿಡಿದು ತಡೆಯುತ್ತಿದೆ.

ನನ್ನ ವಿದ್ಯಾರ್ಥಿ ಗೊಣಗುತ್ತಲೇ ವಕೀಲರ ಬಳಿಗೆ ಹೋದ. ಈಗ ಆ ಬಾಗಿಲ ಮೇಲೆ ನೋಟಿಸು ಅಂಟಿದೆ. ಬೀಗ ಇನ್ನೂ ಹಾಗೆಯೇ ಇದೆ.