ಹತ್ತು ತಿಂಗಳ ಮುಂಗಡ



ಬೆಂಗಳೂರು ದುಬಾರಿಯಾಯಿತೆಂಬ ಮಾತನ್ನು ಈಗ ಎಲ್ಲರೂ ಆಡುತ್ತಾರೆ. ಮಠಕ್ಕೆ ಬಂದ ಭಕ್ತರು ನಮಸ್ಕರಿಸಿ ಕುಳಿತ ಕೂಡಲೇ ಮಳೆ ಬೆಳೆಯ ಸಮಾಚಾರ ಹೇಳುತ್ತಿದ್ದ ಕಾಲವೊಂದಿತ್ತು. ಈಗ ಬಸ್ಸಿನ ದರ, ಹಾಲಿನ ದರ, ಮಗನ ಕೋಣೆಯ ಬಾಡಿಗೆ, ಇವೇ ಮೊದಲ ಮಾತು. ಅವರ ಮಾತು ಸುಳ್ಳಲ್ಲ. 2025ರ ಜನವರಿಯಲ್ಲಿ ಸಾರಿಗೆ ಬಸ್ಸುಗಳ ದರ ಶೇಕಡ 15ರಷ್ಟು ಏರಿತು. ಫೆಬ್ರವರಿಯಲ್ಲಿ ಮೆಟ್ರೋ ರೈಲಿನ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಹೋಯಿತು. ಏಪ್ರಿಲ್ ಒಂದರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಅದೇ ತಿಂಗಳು ಕಾವೇರಿ ನೀರಿನ ದರವೂ ಏರಿತು. ಇವುಗಳನ್ನು ಏರಿಸಿದವರು ಯಾರೆಂಬುದು ಎಲ್ಲರಿಗೂ ಗೊತ್ತು. ಅವರನ್ನು ಬೈಯುವುದಕ್ಕೆ ದಿನಪತ್ರಿಕೆಗಳಿವೆ, ವಿಧಾನಸಭೆಯಿದೆ.

ಆದರೆ ‘ದುಬಾರಿಯಾಯಿತು’ ಎಂಬ ಪ್ರಯೋಗದಲ್ಲಿ ಒಂದು ಅನುಕೂಲವುಂಟು. ಹಾಗೆಂದಾಗ ಮಾಡಿದವನ ಹೆಸರನ್ನು ಹೇಳಬೇಕಾಗಿಲ್ಲ. ‘ದುಬಾರಿ ಮಾಡಿದರು’ ಎಂದರೆ ಯಾರು ಮಾಡಿದರೆಂಬ ಪ್ರಶ್ನೆ ಏಳುತ್ತದೆ. ನಗರದಲ್ಲಿ ಹೊಸದಾಗಿ ಕಾಲಿಟ್ಟ ತರುಣನ ಸಂಬಳವನ್ನು ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಹೆಚ್ಚಾಗಿ ನುಂಗುವುದು ಹಾಲೂ ಅಲ್ಲ, ಬಸ್ಸೂ ಅಲ್ಲ. ಅದು ತಲೆಯ ಮೇಲಿನ ಸೂರು. ಆ ಸೂರಿನ ಬೆಲೆಯನ್ನು ಸರ್ಕಾರ ನಿಗದಿ ಮಾಡುವುದಿಲ್ಲ. ಮನೆಯ ಯಜಮಾನ ನಿಗದಿ ಮಾಡುತ್ತಾನೆ. ಆ ಯಜಮಾನರಲ್ಲಿ ಈ ಪತ್ರಿಕೆಯ ಚಂದಾದಾರರು ಕಡಿಮೆಯಿಲ್ಲ. ನಮ್ಮ ಪ್ರಸಾದ ನಿಲಯದ ಪಂಕ್ತಿಯಲ್ಲಿ ಕುಳಿತು ಮುದ್ದೆ ಸಾರು ಉಂಡು, ಓದಿ, ಕೆಲಸ ಹಿಡಿದು, ರಾಜಧಾನಿಯಲ್ಲಿ ನಿವೇಶನ ಕೊಂಡು, ಅದರ ಮೇಲೆ ಮೂರು ಅಂತಸ್ತು ಕಟ್ಟಿದವರು ಅನೇಕರಿದ್ದಾರೆ. ಅವರ ಏಳಿಗೆ ನಮಗೆ ಸಂತೋಷವೇ. ಈ ಲೇಖನ ಆ ಮೇಲಿನ ಎರಡು ಅಂತಸ್ತುಗಳನ್ನು ಕುರಿತದ್ದು.

ಲೆಕ್ಕವನ್ನೇ ನೋಡೋಣ. ತಿಂಗಳಿಗೆ 15,000 ರೂಪಾಯಿ ಬಾಡಿಗೆಯ ಒಂದು ಸಣ್ಣ ಮನೆ. ಹತ್ತು ತಿಂಗಳ ಮುಂಗಡವೆಂದರೆ 1,50,000 ರೂಪಾಯಿ. ಈ ಹಣ ಬಾಡಿಗೆಯಲ್ಲವೆಂದೂ, ಬಿಟ್ಟು ಹೋಗುವಾಗ ಹಿಂದಿರುಗಿಸುವ ಠೇವಣಿಯೆಂದೂ ಯಜಮಾನರು ಹೇಳುತ್ತಾರೆ. ಬ್ಯಾಂಕಿನ ಬಡ್ಡಿಯನ್ನು ಶೇಕಡ 6ರಂತೆ ಹಿಡಿದರೂ ಯಜಮಾನನಿಗೆ ವರ್ಷಕ್ಕೆ 9,000 ರೂಪಾಯಿ, ಅಂದರೆ ತಿಂಗಳಿಗೆ 750 ರೂಪಾಯಿ ಸದ್ದಿಲ್ಲದೆ ಬರುತ್ತದೆ. ಈಗ ಕೊಡುವವನ ಕಡೆಗೆ ತಿರುಗಿ ನೋಡಿರಿ. ಮೊದಲ ತಿಂಗಳ ಸಂಬಳವನ್ನೇ ಇನ್ನೂ ಕಾಣದ ಹುಡುಗ ಒಂದೂವರೆ ಲಕ್ಷವನ್ನು ಎಲ್ಲಿಂದ ತರಬೇಕು? ಊರಿನಲ್ಲಿ ತಂದೆ ಕೈಸಾಲ ಮಾಡುತ್ತಾನೆ. ನೂರಕ್ಕೆ ಎರಡರಂತೆ ತಿಂಗಳ ಬಡ್ಡಿಯಾದರೆ 3,000 ರೂಪಾಯಿ. ಯಜಮಾನನಿಗೆ 750 ತರುವ ಹಣ ಒಕ್ಕಲಿನವನಿಗೆ ತಿಂಗಳಿಗೆ 3,000 ಖರ್ಚು ತರುತ್ತದೆ. ಹದಿನೈದು ಸಾವಿರದ ಮನೆ ಅವನ ಪಾಲಿಗೆ ಹದಿನೆಂಟು ಸಾವಿರದ ಮನೆ. ಬಿಟ್ಟು ಹೋಗುವ ದಿನ ಸುಣ್ಣ ಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಂಡು ಉಳಿದದ್ದನ್ನು ಕೊಡುವ ರೂಢಿ ಬೇರೆ. ಎರಡು ವರ್ಷ ಇದ್ದು ಹೋದ ಗೋಡೆಗೆ ಬಳಿಯುವ ಬಣ್ಣ ಯಾವ ಬಂಗಾರದ್ದೋ ನಾವು ಕಾಣೆವು.

ಹತ್ತು ತಿಂಗಳು ಈಗ ಎಲ್ಲೆಡೆ ಇಲ್ಲ, ಕೆಲವೆಡೆ ಆರಕ್ಕೆ, ಐದಕ್ಕೆ ಇಳಿದಿದೆಯೆಂದು ಕೆಲವರು ಸಮಾಧಾನ ಹೇಳುತ್ತಾರೆ. ದೆಹಲಿಯಂಥ ನಗರದಲ್ಲಿ ಎರಡು ಮೂರು ತಿಂಗಳ ಮುಂಗಡಕ್ಕೆ ಮನೆ ಸಿಗುವಾಗ ಇಲ್ಲಿ ಐದಕ್ಕೆ ಇಳಿದುದನ್ನು ಔದಾರ್ಯವೆನ್ನಬೇಕೆ? ಹಿಂದೆ ಇದಕ್ಕೊಂದು ನೆಪವಿತ್ತು. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದಲ್ಲಿ ಒಕ್ಕಲನ್ನು ಎಬ್ಬಿಸುವುದು ಕಷ್ಟ, ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಅಲೆಯಬೇಕು, ಆದುದರಿಂದ ಕೈಯಲ್ಲಿ ದೊಡ್ಡ ಮೊತ್ತವಿರಬೇಕು ಎನ್ನುತ್ತಿದ್ದರು. ಆ ಕಾಯಿದೆ ಹೋಯಿತು. 1999ರ ಹೊಸ ಬಾಡಿಗೆ ಕಾಯಿದೆ 2001ರ ಕೊನೆಯ ದಿನದಿಂದ ಜಾರಿಗೆ ಬಂತು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಅಂದರೆ ಭಯಕ್ಕೆ ಕಾರಣವಾದ ಕಾನೂನು ಹೋಗಿ ಎರಡು ದಶಕಗಳಿಗೂ ಮೀರಿದೆ. ಭಯದ ಹೆಸರಿನಲ್ಲಿ ಬಂದ ಮುಂಗಡ ಮಾತ್ರ ಹಾಗೆಯೇ ಉಳಿದಿದೆ. ಕೇಂದ್ರ ಸರ್ಕಾರವು 2021ರಲ್ಲಿ ಒಪ್ಪಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೂಡದೆನ್ನುತ್ತದೆ. ಅದು ಮಾದರಿ ಮಾತ್ರ. ಅದನ್ನು ಪಾಲಿಸುವಂತೆ ಯಾರೂ ನಿಮ್ಮನ್ನು ಒತ್ತಾಯಿಸುವುದಿಲ್ಲ. ಲಿಂಗಧಾರಿಯಾದವನು ನ್ಯಾಯವಾಗಿ ನಡೆಯುವುದಕ್ಕೆ ಪೊಲೀಸಿನವನ ಒತ್ತಾಯ ಬೇಕೆ ಎಂಬುದನ್ನು ನೀವೇ ವಿಚಾರಿಸಿರಿ.

‘ಬುದ್ಧಿ, ಇದು ಪೇಟೆಯ ಧಾರಣೆ, ನಾವೊಬ್ಬರು ಕಡಿಮೆ ತೆಗೆದುಕೊಂಡರೆ ಊರು ಅಗ್ಗವಾದೀತೆ?’ ಎಂದು ಒಬ್ಬ ಭಕ್ತರು ಕೇಳಿದರು. ಇದು ವಿಚಾರವಂತರ ಪ್ರಶ್ನೆ. ಉತ್ತರವನ್ನೂ ವಿಚಾರವಂತರಂತೆಯೇ ಕೊಡಬೇಕು. ಪೇಟೆಯ ಧಾರಣೆ ಏಕೆ ಏರಿತು? ನಿಮ್ಮ ಗೋಡೆಯ ಇಟ್ಟಿಗೆ ಹಳೆಯದಾಗುತ್ತಿದೆ, ನಲ್ಲಿ ಸೋರುತ್ತಿದೆ, ಮೆಟ್ಟಿಲು ಸವೆದಿದೆ. ವಸ್ತು ಹಳೆಯದಾದಂತೆ ಬೆಲೆ ಇಳಿಯಬೇಕಾದುದು ಲೋಕದ ನಿಯಮ. ಮನೆಯ ಬಾಡಿಗೆ ಮಾತ್ರ ಏರುತ್ತದೆ, ಏಕೆಂದರೆ ಏರುವುದು ಕಟ್ಟಡದ ಬೆಲೆಯಲ್ಲ, ಅದರ ಕೆಳಗಿನ ನೆಲದ ಬೆಲೆ. ಅರ್ಥಶಾಸ್ತ್ರವನ್ನು ಓದಿದವರು ಡೇವಿಡ್ ರಿಕಾರ್ಡೋ 1817ರಲ್ಲಿ ಗೇಣಿಯನ್ನು ಕುರಿತು ಬರೆದುದನ್ನು ಬಲ್ಲರು. ಭೂಮಿಯ ಗೇಣಿ ಒಡೆಯನ ದುಡಿಮೆಯಿಂದ ಹುಟ್ಟುವುದಲ್ಲವೆಂಬುದು ಅವನ ಸಿದ್ಧಾಂತದ ತಿರುಳು. ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲಿ ಅದನ್ನೇ ಇನ್ನೂ ಮುಂದೊಯ್ದು, ನಗರದ ನೆಲದ ಬೆಲೆಯನ್ನು ಹೆಚ್ಚಿಸುವವರು ಆ ನಗರದಲ್ಲಿ ದುಡಿಯುವ ಸಮಸ್ತ ಜನ, ಆ ಹೆಚ್ಚಳ ಒಬ್ಬನ ಜೇಬಿಗೆ ಹೋಗುವುದು ಅನ್ಯಾಯವೆಂದು ವಾದಿಸಿದ.

ಇದು ಪುಸ್ತಕದ ಮಾತೆಂದು ತಳ್ಳಿಹಾಕಬೇಡಿರಿ. ನೂರು ಕಿಲೋಮೀಟರು ದೂರದಿಂದ ಕಾವೇರಿಯನ್ನು ಮೇಲೆತ್ತಿ ತರುವುದು ಯಾರ ಹಣದಿಂದ? ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಆರಂಭವಾಗಿ ನಗರದಂಚಿನ 110 ಹಳ್ಳಿಗಳಿಗೆ ನೀರು ಹರಿಯತೊಡಗಿದಾಗ ಅಲ್ಲಿಯ ಮನೆಗಳ ಬಾಡಿಗೆಗೆ ಹೊಸ ಕಾರಣ ಸಿಕ್ಕಿತು. 2011ರಲ್ಲಿ ಮೊದಲ ಮೆಟ್ರೋ ರೈಲು ಓಡಿದಂದಿನಿಂದ ನಿಲ್ದಾಣ ಬಂದಲ್ಲೆಲ್ಲ ಬಾಡಿಗೆ ಏರಿದೆ. ಆ ನಿಲ್ದಾಣವನ್ನು ಮನೆಯ ಯಜಮಾನ ಕಟ್ಟಿದನೆ? ಎಲ್ಲರ ತೆರಿಗೆಯಿಂದ ಕಟ್ಟಿದ್ದು. ಅದರಲ್ಲಿ ಓಡಾಡುವ ಹುಡುಗ ಟಿಕೇಟಿಗೊಮ್ಮೆ ಹಣ ಕೊಡುತ್ತಾನೆ, ನಿಲ್ದಾಣ ಹತ್ತಿರವಿದೆಯೆಂಬ ಕಾರಣಕ್ಕೆ ಬಾಡಿಗೆಯಲ್ಲಿ ಇನ್ನೊಮ್ಮೆ ಕೊಡುತ್ತಾನೆ. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ನಗರ ಟ್ಯಾಂಕರಿನ ಹಿಂದೆ ಓಡಿದಾಗಲಾದರೂ ಬಾಡಿಗೆ ಇಳಿಯಿತೆ? ನೀರು ಬಂದರೆ ಏರುವ ಬಾಡಿಗೆ ನೀರು ಹೋದಾಗ ಇಳಿಯಲಿಲ್ಲ. ಟ್ಯಾಂಕರಿನ ಹಣವನ್ನೂ ಒಕ್ಕಲಿನವರ ತಲೆಗೆ ಹಂಚಿದ ಮನೆಗಳೆಷ್ಟೋ!

ಕಾಯಕವೆಂದರೇನೆಂದು ನಿಮಗೆ ನಾವು ಹೊಸದಾಗಿ ಹೇಳಬೇಕಾಗಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ನೀವೆಲ್ಲ ಬಲ್ಲಿರಿ; ಪುರಾಣ ಪ್ರವಚನದಲ್ಲಿ ಅದನ್ನು ಕೇಳಿ ತಲೆದೂಗಿದ್ದೀರಿ. ಆ ಅಕ್ಕಿ ಕಳವಿನದಲ್ಲ, ಅಂಗಳದಲ್ಲಿ ಬಿದ್ದುದು. ಆದರೂ ಹೆಚ್ಚಾದದ್ದು ಮನೆಗೆ ಬರಬಾರದೆಂದು ಆ ತಾಯಿ ತಡೆದರು. ಪಂಚಾಚಾರಗಳಲ್ಲಿ ಸದಾಚಾರವು ಸತ್ಯಶುದ್ಧವಾದ ದುಡಿಮೆಯಿಂದ ಬಂದುದನ್ನು ಮಾತ್ರ ನಮಗೆ ಅನುಮತಿಸುತ್ತದೆ. ಮನೆಯನ್ನು ಕಟ್ಟಿಸಿ, ದುರಸ್ತಿಯಲ್ಲಿಟ್ಟು, ಅದರ ವೆಚ್ಚಕ್ಕೂ ತನ್ನ ಶ್ರಮಕ್ಕೂ ತಕ್ಕ ಪ್ರತಿಫಲ ತೆಗೆದುಕೊಳ್ಳುವುದು ಸದಾಚಾರಕ್ಕೆ ವಿರುದ್ಧವಲ್ಲ. ಕೈಯಿಂದ ಒಂದು ಹುಲ್ಲುಕಡ್ಡಿಯನ್ನೂ ಎತ್ತದೆ, ಪಕ್ಕದ ಬೀದಿಯವನು ಏರಿಸಿದನೆಂಬ ಒಂದೇ ಕಾರಣಕ್ಕೆ ವರ್ಷವರ್ಷವೂ ಏರಿಸುವುದನ್ನು ಯಾವ ಆಚಾರದಲ್ಲಿ ಸೇರಿಸೋಣ?

ಒಂದೇ ಮನೆಯ ಬಾಡಿಗೆಯಿಂದ ಹೊಟ್ಟೆ ಹೊರೆಯುವ ವಿಧವೆ, ಪಿಂಚಣಿಯಿಲ್ಲದ ವೃದ್ಧ ದಂಪತಿಗಳು, ಸಾಲದ ಕಂತು ಕಟ್ಟಲು ಅರ್ಧ ಮನೆಯನ್ನು ಬಾಡಿಗೆಗೆ ಬಿಟ್ಟವರು, ಇವರನ್ನು ಕುರಿತು ನಾವು ಬರೆಯುತ್ತಿಲ್ಲ.

ಇನ್ನೊಂದು ಗುಂಪಿನವರಿದ್ದಾರೆ. ಇವರ ಉಪದೇಶ ಸರಳ ಜೀವನದ್ದು. ‘ಈಗಿನ ಹುಡುಗರಿಗೆ ದುಂದು ಹೆಚ್ಚು, ಮಠದಲ್ಲಿ ನಾವು ಚಾಪೆಯ ಮೇಲೆ ಮಲಗಿ ಓದಲಿಲ್ಲವೆ?’ ಎನ್ನುತ್ತಾರೆ. ಮಲಗಿದಿರಿ, ನಿಜ. ಆ ಚಾಪೆಗೆ ನಿಮ್ಮಿಂದ ಯಾರಾದರೂ ಮುಂಗಡ ಕೇಳಿದ್ದರೆ? ದುಂದುಗಾರ ಹುಡುಗರು ಇಲ್ಲವೆಂದಲ್ಲ. ಆದರೆ ಹಣ ಉಳಿಸಲೆಂದು 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನಿನ ಸಾಲಿನಲ್ಲಿ ನಿಂತು ಹೊಟ್ಟೆ ತುಂಬಿಸಿಕೊಳ್ಳುವ ಪದವೀಧರನಿಗೆ ಇನ್ನೇನನ್ನು ಬಿಡೆಂದು ಹೇಳೋಣ? ಮಿತವ್ಯಯವು ತನಗೆ ತಾನು ವಿಧಿಸಿಕೊಳ್ಳುವ ವ್ರತ. ಬಾಡಿಗೆ ಪಡೆಯುವವನು ಕೊಡುವವನಿಗೆ ಅದನ್ನು ವಿಧಿಸಿದರೆ ಅದು ವ್ರತವಲ್ಲ, ದಂಡ.

ಪಿ.ಜಿ. ಎಂದು ಕರೆಯುವ ಕಟ್ಟಡಗಳ ಪ್ರಾರಂಭಕ್ಕೂ ನಮ್ಮನ್ನು ಆಹ್ವಾನಿಸುತ್ತಾರೆ. ಹಣ ಕೊಡುವ ಅತಿಥಿ ಎಂದು ಅದರ ಅರ್ಥವಂತೆ. ತಿಥಿಯನ್ನು ನೋಡದೆ ಬರುವವನು ಅತಿಥಿಯೆಂದು ನಾವು ಪಾಠಶಾಲೆಯಲ್ಲಿ ಓದಿದ್ದೆವು. ಇವನು ಪ್ರತಿ ತಿಂಗಳ ಐದನೆಯ ತಾರೀಖಿನೊಳಗೆ ಹಣ ಕಟ್ಟಬೇಕಾದ ಅತಿಥಿ! ಇಂಥದೊಂದು ಕಟ್ಟಡದಲ್ಲಿ ಒಂದು ಕೋಣೆಯನ್ನು ಹಲಗೆಯಿಂದ ಎರಡಾಗಿ ಸೀಳಿ, ಒಂದೊಂದರಲ್ಲಿ ಮೂರು ಮಂಚ ಹಾಕಿದ್ದನ್ನು ನಾವು ಕಂಡೆವು. ಕಿಟಕಿ ಒಂದು ಪಾಲಿಗೆ ಮಾತ್ರ ಇತ್ತು. ಬಾಗಿಲ ಮೇಲೆ ಬಸವಣ್ಣನವರ ಭಾವಚಿತ್ರವಿತ್ತು.

ಬಾಡಿಗೆಗಿಂತ ನಾಚಿಕೆಗೇಡಿನ ಮಾತೊಂದಿದೆ. ಮನೆ ಕೇಳಲು ಬಂದವನಿಗೆ ನಮ್ಮವರು ಕೇಳುವ ಮೊದಲ ಪ್ರಶ್ನೆ ‘ನೀವು ಯಾವ ಜನ?’ ಎಂಬುದು. ಉತ್ತರ ಹಿಡಿಸದಿದ್ದರೆ ಮನೆ ಆಗಲೇ ಬೇರೆಯವರಿಗೆ ಗೊತ್ತಾಗಿದೆ. ಲಿಂಗಾಯತನೆಂದರೂ ಬಿಡದೆ ಯಾವ ಪಂಗಡವೆಂದು ಕೆದಕುವವರುಂಟು. ಹನ್ನೆರಡನೆಯ ಶತಮಾನದ ಕಲ್ಯಾಣ ಯಾವುದಕ್ಕಾಗಿ ಹೊತ್ತಿ ಉರಿಯಿತೆಂಬುದನ್ನು ಬಸವ ಜಯಂತಿಯ ಭಾಷಣದಲ್ಲಿ ಹೇಳುವವರೇ ಮನೆಯ ಬಾಗಿಲಿನಲ್ಲಿ ಈ ಪ್ರಶ್ನೆ ಕೇಳಿದರೆ ಶಿವಾಚಾರಕ್ಕೆ ಅರ್ಥವೇನು ಉಳಿಯಿತು? ಇದರಲ್ಲಿ ಹಣದ ಪೆಟ್ಟೂ ಇದೆ. ಹತ್ತು ಬಾಗಿಲು ಮುಚ್ಚಿದವನು ಹನ್ನೊಂದನೆಯ ಬಾಗಿಲಿನಲ್ಲಿ ಚೌಕಾಸಿ ಮಾಡಲಾರ. ಕೇಳಿದಷ್ಟು ಕೊಟ್ಟು ಒಳಗೆ ಹೋಗುತ್ತಾನೆ. ದಲಿತರ ಮನೆಯ ಹುಡುಗನಿಗೆ ಬೆಂಗಳೂರು ಉಳಿದವರಿಗಿಂತ ಹೆಚ್ಚು ದುಬಾರಿಯಾಗಿರುವುದು ಹೀಗೆ. ಆ ಹೆಚ್ಚುವರಿ ಹಣವೂ ಒಂದು ಕೈಗೆ ಸೇರುತ್ತದೆಂಬುದನ್ನು ಮರೆಯಬಾರದು.

ಹಿಂದಿನವರು ಈ ನಗರವನ್ನು ಹೇಗೆ ಎದುರಿಸಿದರು? ಗುಬ್ಬಿ ತೋಟದಪ್ಪನವರು ವ್ಯಾಪಾರಿಗಳು, ಮಾಮೂಲುಪೇಟೆಯಲ್ಲಿ ಅಂಗಡಿಯಿಟ್ಟವರು. ಲಾಭವೆಂದರೇನೆಂದು ಇಂದಿನ ಯಾವ ಯಜಮಾನನಿಗಿಂತಲೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೆಂಗಳೂರಿಗೆ ಬಂದಿಳಿದ ಯಾತ್ರಿಕನಿಗೂ ಓದಲು ಬಂದ ಹುಡುಗನಿಗೂ ತಲೆಯ ಮೇಲೆ ಸೂರಿಲ್ಲದುದನ್ನು ಕಂಡು ರೈಲು ನಿಲ್ದಾಣದ ಬಳಿಯಲ್ಲಿಯೇ ನೆಲ ಕೊಂಡು 1903ರಲ್ಲಿ ಧರ್ಮಛತ್ರವನ್ನು ತೆರೆದರು. ಆ ನೆಲದಲ್ಲಿ ಅಂಗಡಿ ಸಾಲು ಕಟ್ಟಿಸಿದ್ದರೆ ಬಾಡಿಗೆ ಎಷ್ಟು ಬರುತ್ತಿತ್ತೆಂಬ ಲೆಕ್ಕ ಆ ವ್ಯಾಪಾರಿಗೆ ಹೊಳೆಯಲಿಲ್ಲವೆಂದು ನೀವು ಭಾವಿಸುತ್ತೀರಾ? ಅವರು 1910ರಲ್ಲಿ ಲಿಂಗೈಕ್ಯರಾದರು. ಅವರ ಛತ್ರ ಇಂದಿಗೂ ಇದೆ. ತುಮಕೂರಿನ ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಶ್ರೀ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನವಿಟ್ಟಾಗಲೂ ಅವರು ಮಕ್ಕಳ ಜಾತಿ ಕೇಳಲಿಲ್ಲ.

ಮಠಗಳು ಈ ಮಾತಿಗೆ ಹೊರತೆಂದು ಯಾರೂ ತಿಳಿಯಬೇಕಾಗಿಲ್ಲ. ರಾಜಧಾನಿಯಲ್ಲಿ ಭಕ್ತರು ಕೊಟ್ಟ ನಿವೇಶನದಲ್ಲಿ ಮೊದಲು ಏಳಬೇಕಾದುದು ಕಲ್ಯಾಣ ಮಂಟಪವೋ, ವಿದ್ಯಾರ್ಥಿ ನಿಲಯವೋ ಎಂಬುದನ್ನು ಎಲ್ಲ ಮಠಾಧೀಶರೂ ತಮ್ಮ ತಮ್ಮ ಪೀಠದಲ್ಲಿ ಕುಳಿತು ವಿಚಾರಿಸತಕ್ಕದ್ದು. ಆದರೆ ‘ಮಠವೇ ಬೆಂಗಳೂರಿನಲ್ಲಿ ನಿಲಯ ಕಟ್ಟಿಸಲಿ, ನಾವು ಚಂದಾ ಕೊಡುತ್ತೇವೆ’ ಎನ್ನುವ ಯಜಮಾನರಿಗೆ ನಮ್ಮ ಉತ್ತರವಿದು: ಚಂದಾ ಬೇಡ. ಹತ್ತು ತಿಂಗಳ ಮುಂಗಡದ ಬಡ್ಡಿಯಲ್ಲಿ ಒಂದು ಪಾಲನ್ನು ದಾಸೋಹಕ್ಕೆ ಕಳುಹಿಸಿದರೆ, ಆ ಅಕ್ಕಿ ಯಾವನೋ ಹುಡುಗನ ತಂದೆ ಮಾಡಿದ ಕೈಸಾಲದ ಅಕ್ಕಿ. ಅದನ್ನು ಇನ್ನೊಬ್ಬ ಹುಡುಗನಿಗೆ ಬಡಿಸುವ ಕೆಲಸ ನಮ್ಮಿಂದಾಗದು.

ಆದುದರಿಂದ ಬೆಂಗಳೂರಿನಲ್ಲಿ ಬಾಡಿಗೆಗೆ ಕೊಡುವ ಮನೆಯೋ ಕೋಣೆಯೋ ಇರುವ ಹಿರಿಯ ವಿದ್ಯಾರ್ಥಿಗಳು ಮೇ ತಿಂಗಳು ಮುಗಿಯುವುದರೊಳಗೆ ಶ್ರೀಮಠದ ಕಾರ್ಯಾಲಯಕ್ಕೆ ಬರೆದು ತಿಳಿಸಬೇಕು. ಬಡಾವಣೆ, ಕೋಣೆಗಳ ಸಂಖ್ಯೆ, ಬಾಡಿಗೆ, ನೀರಿನ ವ್ಯವಸ್ಥೆ ಇವನ್ನು ನಮೂದಿಸಬೇಕು. ಮುಂಗಡ ಎರಡು ತಿಂಗಳಿಗೆ ಮೀರಬಾರದು, ಕರಾರುಪತ್ರ ಬರಹದಲ್ಲಿರಬೇಕು, ಬಂದವನ ಜಾತಿ ಪಂಗಡಗಳನ್ನು ಕೇಳಕೂಡದು. ಈ ವರ್ಷ ಓದು ಮುಗಿಸಿ ಹೊರಡುವ ವಿದ್ಯಾರ್ಥಿಗಳ ಕೈಗೆ ಆ ಪಟ್ಟಿಯನ್ನು ಜೂನ್ ಮೊದಲ ವಾರದಲ್ಲಿ ಕೊಡಲಾಗುವುದು. ಪಟ್ಟಿಯಲ್ಲಿ ಎಷ್ಟು ಹೆಸರುಗಳು ಬಂದವೆಂಬುದನ್ನು ಜುಲೈ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ, ಒಂದೂ ಬರದಿದ್ದರೂ ಸಹ.